‘ಆ ಏರಿಯಾಗೆ ಲೋನ್ ಆಗಲ್ಲ’ ಅಂದರೆ, ಅದನ್ನೇ ಬರೆದು ಕೊಡಿ ಅನ್ನಿ

ಪ್ರಶ್ನೆ: ನಾನು ಮೈಸೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಯಸ್ಸು 38. ಕೈಗೆ ಬರುವ ಸಂಬಳ 52 ಸಾವಿರ. ಯಜಮಾನರು ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳಿದ್ದಾರೆ. ರಾಜೀವನಗರದಲ್ಲಿ 34 ಲಕ್ಷಕ್ಕೆ ಒಂದು ಮನೆ ನೋಡಿ, 2 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡಿದ್ದೇನೆ. 28 ಲಕ್ಷ ಸಾಲ ಬೇಕು. ಒಂದು ಬ್ಯಾಂಕಿನಲ್ಲಿ ಹೆಸರು, ವಿಳಾಸ ಕೇಳಿದ ಕೂಡಲೇ ‘ಆ ಏರಿಯಾ ನೆಗೆಟಿವ್ ಲಿಸ್ಟಲ್ಲಿದೆ, ಲೋನ್ ಆಗಲ್ಲ’ ಅಂದರು. ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ‘ಅಣ್ಣನೋ ತಂದೆಯೋ, ಯಾರಾದರೂ ಗಂಡಸರು ಕೋ-ಅಪ್ಲಿಕೆಂಟ್ ಆಗಬೇಕು’ ಅಂದರು. ಎರಡೂ ಕಡೆ ಬರೀ ಬಾಯಿಮಾತು, ಕಾಗದ ಏನೂ ಕೊಡಲಿಲ್ಲ. ಅಮೆರಿಕದಲ್ಲಿ ಇದಕ್ಕೆಲ್ಲ ಕಾನೂನಿದೆ ಅಂತ ನನ್ನ ತಮ್ಮ ಹೇಳುತ್ತಾನೆ. ನಮ್ಮಲ್ಲಿ ಇಲ್ಲವೇ? ನಾನು ಏನು ಮಾಡಬಹುದು, ಸರ್?

ಉತ್ತರ: ನಮಸ್ಕಾರ ಮೇಡಂ. ನಮ್ಮಲ್ಲೂ ನಿಯಮ ಇದೆ. ಆದರೆ ಸಾಲದ ತಾರತಮ್ಯಕ್ಕೇ ಅಂತ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು, ಸಂವಿಧಾನದ ಒಂದೆರಡು ವಿಧಿಗಳು, ಬೇರೆ ಬೇರೆ ಕಾಯ್ದೆಗಳಲ್ಲಿ ಚದುರಿಹೋಗಿರುವ ಕೆಲವು ಸೆಕ್ಷನ್‌ಗಳು. ಇವನ್ನು ಜೋಡಿಸಿಕೊಂಡರೆ ನಿಮ್ಮ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಜೋಡಿಸುವ ಕೆಲಸ ನಿಮ್ಮ ಮೇಲೇ ಬೀಳುತ್ತದೆ.

ನಾನು ಮಂಡ್ಯದಲ್ಲೂ ಮೈಸೂರಲ್ಲೂ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಮೊದಲೇ ಒಂದು ಕಹಿ ಮಾತು ಹೇಳಿಬಿಡುತ್ತೇನೆ. ‘ಇವರಿಗೆ ಸಾಲ ಕೊಡಲೇಬೇಕು’ ಎಂದು ಬ್ಯಾಂಕಿಗೆ ಯಾರೂ ಆದೇಶ ಮಾಡುವುದಿಲ್ಲ. ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್, ಮಾಡುವುದಿಲ್ಲ, ಕೋರ್ಟು ಕೂಡ ಸಾಮಾನ್ಯವಾಗಿ ಮಾಡುವುದಿಲ್ಲ. ಸಾಲ ಕೊಡುವುದು ಬಿಡುವುದು ವ್ಯವಹಾರದ ತೀರ್ಮಾನ, ಅದರಲ್ಲಿ ಕೈಹಾಕುವುದಿಲ್ಲ ಅನ್ನುತ್ತಾರೆ. ನಿಮಗೆ ಇರುವ ಹಕ್ಕೇ ಬೇರೆ. ನಿಮ್ಮ ಅರ್ಜಿ ತೆಗೆದುಕೊಳ್ಳಬೇಕು. ತೆಗೆದುಕೊಂಡಿದ್ದಕ್ಕೆ ರಸೀದಿ ಕೊಡಬೇಕು. ಬೇಡ ಎಂದರೆ ಯಾಕೆ ಬೇಡ ಎಂದು ಬರೆದು ಕೊಡಬೇಕು. ಆ ಕಾರಣ ನಿಮ್ಮ ಜಾತಿ, ಧರ್ಮ, ಲಿಂಗ ಆಗಿರಬಾರದು. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಈಗ ನಿಮಗೆ ಏನಾಯಿತು ನೋಡಿ. ಎರಡೂ ಕಡೆ ನೀವು ಅರ್ಜಿಯನ್ನೇ ಕೊಟ್ಟಿಲ್ಲ. ಕೊಡಲು ಬಿಟ್ಟಿಲ್ಲ ಅನ್ನುವುದು ಸರಿ. ಬ್ಯಾಂಕಿನವರ ಮಾತಿನಲ್ಲಿ ಇದಕ್ಕೆ ‘ಫೈಲ್ ಲಾಗಿನ್ ಆಗಿಲ್ಲ’ ಅನ್ನುತ್ತಾರೆ. ಕೌಂಟರಿನಲ್ಲೇ ‘ಆಗಲ್ಲ ಮೇಡಂ, ಸುಮ್ನೆ ಯಾಕೆ ಪ್ರೋಸೆಸಿಂಗ್ ಫೀಸ್ ದಂಡ ಮಾಡ್ಕೋತೀರಾ’ ಎಂದು ನಯವಾಗಿ ಹೇಳಿ ಕಳಿಸಿದರೆ ಕಂಪ್ಯೂಟರಿನಲ್ಲಿ ಏನೂ ಇರುವುದಿಲ್ಲ. ಅರ್ಜಿಯೇ ಇಲ್ಲ ಅಂದಮೇಲೆ ತಿರಸ್ಕಾರವೂ ಇಲ್ಲ, ಕಾರಣ ಬರೆಯುವ ತಾಪತ್ರಯವೂ ಇಲ್ಲ. ಆಡಿಟ್ ಮಾಡುವವರಿಗೂ ಏನೂ ಕಾಣುವುದಿಲ್ಲ. ನನ್ನ ಅನುಭವದಲ್ಲಿ ತಾರತಮ್ಯ ಹೆಚ್ಚಾಗಿ ನಡೆಯುವುದು ಲಾಗಿನ್‌ಗೆ ಮುಂಚಿನ ಈ ಐದು ನಿಮಿಷದಲ್ಲೇ. ಕಾಗದದ ಮೇಲೆ ‘ಈ ಧರ್ಮದವರಿಗೆ ಕೊಡುವುದಿಲ್ಲ’ ಎಂದು ಬರೆಯುವ ಮ್ಯಾನೇಜರ್ ಎಲ್ಲೂ ಸಿಗುವುದಿಲ್ಲ, ಬಿಡಿ.

ಈಗ ನಿಯಮಕ್ಕೆ ಬರೋಣ. ರಿಸರ್ವ್ ಬ್ಯಾಂಕ್ 2003ರ ಮೇ ತಿಂಗಳಲ್ಲಿ ಸಾಲ ಕೊಡುವವರಿಗಾಗಿ ‘ಫೇರ್ ಪ್ರಾಕ್ಟೀಸಸ್ ಕೋಡ್’ ಎಂಬ ನಡವಳಿಕೆ ಸಂಹಿತೆ ಹೊರಡಿಸಿತು. ಸಾಲದ ವಿಷಯದಲ್ಲಿ ಲಿಂಗ, ಜಾತಿ, ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಎಲ್ಲ ಅರ್ಜಿಗೂ ಸ್ವೀಕೃತಿ ಕೊಡಬೇಕು ಎಂದೂ ಇದೆ. ತಿರಸ್ಕರಿಸಿದರೆ ಲಿಖಿತ ಕಾರಣ ಕೊಡಬೇಕು ಎಂಬ ಮಾತು ಮೊದಲು 2 ಲಕ್ಷದವರೆಗಿನ ಸಣ್ಣ ಸಾಲಕ್ಕೆ ಮಾತ್ರ ಇತ್ತು. 2007ರಲ್ಲಿ ಆ ಮಿತಿ ತೆಗೆದುಹಾಕಿದರು. ಈಗ ಮೊತ್ತ ಎಷ್ಟೇ ಇರಲಿ, ಮುಖ್ಯ ಕಾರಣ ಬರೆದೇ ತಿಳಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಇಂಥದೇ ಸಂಹಿತೆ ಇದೆ. ಮುಂಚೆ ಅವು ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಕೈಕೆಳಗಿದ್ದವು. 2019ರ ಆಗಸ್ಟ್‌ನಿಂದ ನಿಯಮ ಮಾಡುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಬಂದಿದೆ, ಮೇಲ್ವಿಚಾರಣೆ ಇನ್ನೂ ಹೌಸಿಂಗ್ ಬ್ಯಾಂಕ್ ಹತ್ತಿರವೇ ಇದೆ. ದೂರು ಕೊಡುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

2014ರ ಡಿಸೆಂಬರ್‌ನಲ್ಲಿ ಬಂದ ಗ್ರಾಹಕರ ಹಕ್ಕುಗಳ ಸನ್ನದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅದರ ಮೊದಲ ಹಕ್ಕೇ ನ್ಯಾಯವಾಗಿ ನಡೆಸಿಕೊಳ್ಳುವುದು. ಲಿಂಗ, ಧರ್ಮ, ಜಾತಿ ಜೊತೆಗೆ ವಯಸ್ಸು ಮತ್ತು ದೈಹಿಕ ಸಾಮರ್ಥ್ಯವನ್ನೂ ಅದರಲ್ಲಿ ಸೇರಿಸಿದ್ದಾರೆ. ಇದಕ್ಕೆ ಕಾಯ್ದೆಯ ಬಲ ಇಲ್ಲ ನಿಜ. ಆದರೆ ಬ್ಯಾಂಕಿನ ಆಡಳಿತ ಮಂಡಳಿಗಳು ಇದನ್ನು ಆಧಾರವಾಗಿಟ್ಟುಕೊಂಡೇ ತಮ್ಮ ನೀತಿ ಬರೆದುಕೊಂಡಿವೆ. ‘ನಿಮ್ಮದೇ ನೀತಿಯಲ್ಲಿ ಹೀಗಿದೆಯಲ್ಲ’ ಎಂದು ಕೇಳಲು ಅಷ್ಟು ಸಾಕು. ಇನ್ನೊಂದು ಸೂಚನೆ. 2025ರ ಕೊನೆಗೆ ರಿಸರ್ವ್ ಬ್ಯಾಂಕ್ ಹಳೆಯ ಸುತ್ತೋಲೆಗಳನ್ನು ಒಟ್ಟುಗೂಡಿಸಿ ಹೊಸ ನಿರ್ದೇಶನಗಳಾಗಿ ಹೊರಡಿಸಿದೆ. ಹಾಗಾಗಿ ಪತ್ರದಲ್ಲಿ ಸುತ್ತೋಲೆಯ ನಂಬರ್ ಹಾಕಲು ಹೋಗಬೇಡಿ. ‘ಫೇರ್ ಪ್ರಾಕ್ಟೀಸಸ್ ಕೋಡ್ ಪ್ರಕಾರ’ ಎಂದರೆ ಯಾವ ಮ್ಯಾನೇಜರಿಗಾದರೂ ಅರ್ಥವಾಗುತ್ತದೆ.

ಸಂವಿಧಾನದ ಮಾತು ಚಿಕ್ಕದು. ಧರ್ಮ, ಜಾತಿ, ಲಿಂಗದ ಆಧಾರದ ತಾರತಮ್ಯ ಕೂಡದು ಎನ್ನುವ 15ನೇ ವಿಧಿ ಸರ್ಕಾರವನ್ನು ಕಟ್ಟಿಹಾಕುತ್ತದೆ. ಸರ್ಕಾರಿ ಸ್ವಾಮ್ಯದ ಬ್ಯಾಂಕು ಅದರೊಳಗೆ ಬರುತ್ತದೆ. ಖಾಸಗಿ ಬ್ಯಾಂಕು ಬರುವುದಿಲ್ಲ ಎಂದು 2003ರ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಸರ್ಕಾರಿ ಬ್ಯಾಂಕು ಮನಸ್ಸಿಗೆ ಬಂದಂತೆ ನಡೆದುಕೊಂಡರೆ ಹೈಕೋರ್ಟಿಗೆ ರಿಟ್ ಹಾಕಬಹುದು. ಖಾಸಗಿಯವರ ಮೇಲೆ ಆ ದಾರಿ ಕಷ್ಟ. ನಿಮ್ಮ ಮಟ್ಟದಲ್ಲಿ ಈಗಲೇ ಬೆಂಗಳೂರಿಗೆ ಹೋಗಿ ರಿಟ್ ಹಾಕುವುದು ನನ್ನ ಸಲಹೆಯಲ್ಲ.

‘ನೆಗೆಟಿವ್ ಏರಿಯಾ’ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಮೈಸೂರಿನ ಕಥೆ ಮಾತ್ರ ಅಲ್ಲ, ಹೊಸದೂ ಅಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಕೆಲವು ಬ್ಯಾಂಕುಗಳು ಒಂದಿಷ್ಟು ಪ್ರದೇಶಗಳನ್ನು ‘ನೆಗೆಟಿವ್’ ಎಂದು ಗುರುತು ಮಾಡಿಕೊಂಡು ಅಲ್ಲಿ ಸುಲಭವಾಗಿ ಸಾಲ ಕೊಡುವುದಿಲ್ಲ ಎಂಬ ದೂರುಗಳನ್ನು ಆ ವರದಿ ದಾಖಲಿಸಿದೆ. ಮುಸ್ಲಿಮರ ಆರ್ಥಿಕ ಸ್ಥಿತಿಯ ಬಗ್ಗೆ ಬರೆಯುವಾಗ ಈ ಮಾತು ಬಂದಿದೆ ಎಂಬುದು ಮುಖ್ಯ. ಅಷ್ಟು ವರ್ಷ ಕಳೆದ ಮೇಲೂ ಅದೇ ಪದವನ್ನು ಕೌಂಟರಿನಲ್ಲಿ ಕೂತವರು ಸಲೀಸಾಗಿ ಹೇಳುತ್ತಾರೆ ಅಂದರೆ ಏನು ಹೇಳುವುದು.

ಬ್ಯಾಂಕಿನವರನ್ನು ಕೇಳಿದರೆ ‘ಅದು ಧರ್ಮ ನೋಡಿ ಮಾಡಿದ ಪಟ್ಟಿ ಅಲ್ಲ, ವಸೂಲಿ ಕಷ್ಟವಾದ ಜಾಗಗಳ ಪಟ್ಟಿ’ ಅನ್ನುತ್ತಾರೆ. ಇರಬಹುದು. ಕೊಟ್ಟ ಸಾಲ ವಾಪಸ್ ಬರದಿದ್ದರೆ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ತೆಗೆದುಕೊಂಡು ಹರಾಜು ಹಾಕಬೇಕು. ಹರಾಜಿಗೆ ಜನ ಬರುತ್ತಾರಾ, ಮನೆ ಮಾರಾಟವಾಗುತ್ತದಾ ಎಂದು ಬ್ಯಾಂಕು ಯೋಚಿಸುವುದು ತಪ್ಪಲ್ಲ. ಆದರೆ ಆ ಯೋಚನೆ ನಿಮ್ಮ ಮನೆಯ ಕಾಗದ, ನಿಮ್ಮ ಮನೆಯ ಬೆಲೆ, ನಿಮ್ಮ ಸಂಬಳದ ಮೇಲೆ ನಿಲ್ಲಬೇಕು. ಪಿನ್‌ಕೋಡ್ ನೋಡಿ ಇಡೀ ಬಡಾವಣೆಯನ್ನೇ ಹೊರಗಿಟ್ಟರೆ, ಕಂತು ತಪ್ಪದೆ ಕಟ್ಟುವ ನರ್ಸಿಗೂ ಕಟ್ಟದ ಇನ್ಯಾರಿಗೋ ಒಂದೇ ಶಿಕ್ಷೆ. ಉದಯಗಿರಿ, ರಾಜೀವನಗರ, ಶಾಂತಿನಗರದ ಕಡೆ ಮುಸ್ಲಿಮರು ಜಾಸ್ತಿ ವಾಸ ಮಾಡುತ್ತಾರೆ ಎಂದು ಮೈಸೂರಿನವರಿಗೆಲ್ಲ ಗೊತ್ತು. ಏರಿಯಾ ಹೆಸರು ಹೇಳಿ ಬೇಡ ಅಂದರೆ ಧರ್ಮದ ಹೆಸರು ಹೇಳದೆಯೇ ಅದೇ ಕೆಲಸ ಆಗಿಬಿಡುತ್ತದೆ. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಎನ್ನುವಂತೆ ಕಾಣುವ ನಿಯಮ ಒಂದು ಗುಂಪಿನ ಮೇಲೆ ಮಾತ್ರ ಹೆಚ್ಚು ಭಾರ ಹಾಕಿದರೆ ಅದೂ ತಾರತಮ್ಯವೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳ ನಿತೀಶಾ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಅದು ಸಾಲದ ಪ್ರಕರಣವಲ್ಲ. ಆದರೆ ವಾದ ಮಾಡುವ ವಕೀಲರಿಗೆ ಅದು ಬೇಕಾಗುತ್ತದೆ.

ಹಾಗಂತ ‘ಏರಿಯಾ ನೆಗೆಟಿವ್’ ಎಂದಿದ್ದೆಲ್ಲ ಪೂರ್ವಗ್ರಹವೇ ಎಂದು ನಾನು ಹೇಳುವುದಿಲ್ಲ. ಎಷ್ಟೋ ಸಲ ಅಸಲು ಕಾರಣ ಕಾಗದಪತ್ರದಲ್ಲಿರುತ್ತದೆ. ಅದನ್ನು ವಿವರಿಸಲು ಸೋಮಾರಿತನ, ಹಾಗಾಗಿ ‘ನೆಗೆಟಿವ್’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ನಿಮ್ಮ ಮನೆ ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಸೈಟಿನಲ್ಲಿದೆಯೋ, ಪ್ರಾಧಿಕಾರದ ಅನುಮೋದನೆ ಇಲ್ಲದ ರೆವಿನ್ಯೂ ಸೈಟಿನಲ್ಲಿದೆಯೋ ನೀವು ಬರೆದಿಲ್ಲ. ರೆವಿನ್ಯೂ ಸೈಟ್, ಬಿ-ಖಾತಾ, ಪ್ಲಾನ್ ಅಪ್ರೂವಲ್ ಇಲ್ಲದೆ ಎಬ್ಬಿಸಿದ ಎರಡನೇ ಮಹಡಿ, ಕನ್ವರ್ಷನ್ ಆಗದ ಜಮೀನು, ಇವಕ್ಕೆ ಸಾಲ ಕೊಡಲು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಅದು ಕುವೆಂಪುನಗರದಲ್ಲಿದ್ದರೂ ಅಷ್ಟೇ. ಆದ್ದರಿಂದ ಜಗಳಕ್ಕೆ ಇಳಿಯುವ ಮುಂಚೆ ಒಬ್ಬ ಒಳ್ಳೆಯ ಸಿವಿಲ್ ವಕೀಲರಿಂದ ನೀವೇ ದುಡ್ಡು ಕೊಟ್ಟು ಲೀಗಲ್ ಒಪೀನಿಯನ್ ಬರೆಸಿಕೊಳ್ಳಿ. ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಇ-ಖಾತಾ, ಇ.ಸಿ. (ಋಣಭಾರ ಪ್ರಮಾಣಪತ್ರ), ಕಂದಾಯ ರಸೀದಿ, ಪ್ಲಾನ್, ಎಲ್ಲ ಅವರ ಮುಂದಿಡಿ. ವಕೀಲರು ‘ಟೈಟಲ್ ಕ್ಲಿಯರ್ ಇದೆ’ ಎಂದು ಬರೆದುಕೊಟ್ಟರೆ ಬ್ಯಾಂಕಿನ ಒಂದು ದೊಡ್ಡ ನೆಪ ಕಳಚಿಬೀಳುತ್ತದೆ. ದೋಷ ಇದೆ ಎಂದು ಬರೆದರೆ, ಸಾಲ ಸಿಕ್ಕರೂ ಆ ಮನೆ ತೆಗೆದುಕೊಳ್ಳಬೇಡಿ.

ಎರಡನೆಯದು ಗಂಡಸಿನ ಸಹಿ ಬೇಕು ಎಂಬ ಮಾತು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ, ಇದು ತಪ್ಪು. ಕೋ-ಅಪ್ಲಿಕೆಂಟ್ ಕೇಳಲು ನ್ಯಾಯವಾದ ಸಂದರ್ಭಗಳು ಇವೆ. ಒಬ್ಬರ ಸಂಬಳ ಸಾಲದಿದ್ದರೆ ಇನ್ನೊಬ್ಬರ ಸಂಬಳ ಸೇರಿಸಲು ಕೇಳಬಹುದು. ಆಸ್ತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರೂ ಬರಬೇಕು. ನಿಮ್ಮ ಲೆಕ್ಕ ನೋಡಿ. 28 ಲಕ್ಷ, 20 ವರ್ಷ, ಬಡ್ಡಿ ಶೇ 8.5 ಎಂದುಕೊಂಡರೆ ತಿಂಗಳ ಕಂತು ಸುಮಾರು 24,300 ರೂಪಾಯಿ. ನಿಮ್ಮ ಕೈಗೆ ಬರುವ ಸಂಬಳದ ಅರ್ಧಕ್ಕಿಂತ ಕಡಿಮೆ. ಬೇರೆ ಕಂತುಗಳು ಇಲ್ಲದಿದ್ದರೆ ಇದು ಸಾಮಾನ್ಯವಾಗಿ ಪಾಸಾಗುವ ಲೆಕ್ಕ. ರಾಜ್ಯ ಸರ್ಕಾರಿ ನೌಕರಿ, ನಿವೃತ್ತಿ 60ಕ್ಕೆ, ಅಂದರೆ ಸಾಲ ತೀರಿದ ಮೇಲೂ ಸರ್ವೀಸ್ ಉಳಿದಿರುತ್ತದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ನೀವು ಕೇಳುತ್ತಿರುವುದು ಶೇ 82ರ ಆಸುಪಾಸು. ಇಷ್ಟೆಲ್ಲ ಸರಿ ಇದ್ದು, ‘ಗಂಡಸರು ಬೇಕು’ ಎಂದರೆ ಅದಕ್ಕೆ ಲಿಂಗ ಬಿಟ್ಟು ಬೇರೆ ಕಾರಣ ಎಲ್ಲಿದೆ? ಇದೇ ಸಂಸ್ಥೆಗಳು ‘ಮಹಿಳೆಯರಿಗೆ ಬಡ್ಡಿಯಲ್ಲಿ ರಿಯಾಯಿತಿ’ ಎಂದು ಬಾಗಿಲಿಗೆ ಬ್ಯಾನರ್ ಕಟ್ಟಿರುತ್ತವೆ ಬೇರೆ!

ಅವರು ಕೈಯಲ್ಲಿ ಹಿಡಿದುಕೊಳ್ಳಬಹುದಾದ ಇನ್ನೊಂದು ಕಾರಣ ಕ್ರೆಡಿಟ್ ಸ್ಕೋರ್. ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ಪುಕ್ಕಟೆ ಕೊಡಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂದು ನಾಲ್ಕು ಇವೆ. ನೀವೇ ತೆಗೆದು ನೋಡಿ. ಯಜಮಾನರ ಜೊತೆ ಹಿಂದೆ ಜಾಯಿಂಟ್ ಸಾಲ ಇದ್ದಿದ್ದರೆ ಅದು ಮುಚ್ಚದೇ ಉಳಿದಿರಬಹುದು, ಅದನ್ನು ಮುಖ್ಯವಾಗಿ ಪರೀಕ್ಷಿಸಿ. ತಪ್ಪಿದ್ದರೆ ದೂರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ‘ನೀವು ಮೊದಲು ಸಾಲವನ್ನೇ ತಗೊಂಡಿಲ್ಲ, ಹಿಸ್ಟರಿ ಇಲ್ಲ’ ಎಂಬುದೊಂದನ್ನೇ ಕಾರಣ ಮಾಡಿ ಅರ್ಜಿ ತಳ್ಳಿಹಾಕಬಾರದು ಎಂದೂ ರಿಸರ್ವ್ ಬ್ಯಾಂಕ್ ಹೇಳಿದೆ. ಒಂದು ಎಚ್ಚರಿಕೆ: ಸಿಟ್ಟಿನಲ್ಲಿ ಒಂದೇ ವಾರ ಏಳೆಂಟು ಕಡೆ ಅರ್ಜಿ ಹಾಕಬೇಡಿ. ಪ್ರತಿಯೊಬ್ಬರೂ ನಿಮ್ಮ ವರದಿ ತೆಗೆದು ನೋಡಿದಾಗ ಅದು ದಾಖಲಾಗುತ್ತದೆ, ಸ್ಕೋರ್ ಇಳಿಯುತ್ತದೆ.

ಈಗ ನೀವು ಮಾಡಬೇಕಾದ ಕೆಲಸ. ಅದೇ ಬ್ಯಾಂಕಿಗೆ ಮತ್ತೆ ಹೋಗಿ. ಭರ್ತಿ ಮಾಡಿದ ಅರ್ಜಿ, ಸಂಬಳದ ಸ್ಲಿಪ್, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ ಕಾಗದಗಳ ಜೆರಾಕ್ಸ್, ಲೀಗಲ್ ಒಪೀನಿಯನ್ ಎಲ್ಲ ಜೋಡಿಸಿಕೊಂಡು ಹೋಗಿ. ಕೌಂಟರಿನಲ್ಲಿ ಸಲಹೆ ಕೇಳಬೇಡಿ. ‘ಅರ್ಜಿ ಕೊಡಲು ಬಂದಿದ್ದೇನೆ, ಇನ್‌ವರ್ಡ್ ಸೀಲ್ ಹಾಕಿ ಒಂದು ಪ್ರತಿ ಕೊಡಿ’ ಎಂದಷ್ಟೇ ಹೇಳಿ. ತೆಗೆದುಕೊಳ್ಳಲಿಲ್ಲವೆಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಮ್ಯಾನೇಜರ್ ಹೆಸರಿಗೆ ಕಳಿಸಿ, ಅಥವಾ ಬ್ಯಾಂಕಿನ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ ನಂಬರ್ ಬರೆದಿಟ್ಟುಕೊಳ್ಳಿ. ಏಜೆಂಟ್ ಮೂಲಕ ಹೋಗಬೇಡಿ. ಏಜೆಂಟ್ ‘ಆಗಲ್ಲ’ ಅಂದರೆ ಬ್ಯಾಂಕು ಹೇಳಿತೋ, ಅವನೇ ಹೇಳಿದನೋ ಗೊತ್ತಾಗುವುದಿಲ್ಲ.

ಅರ್ಜಿಯ ಜೊತೆ ಒಂದು ಸಣ್ಣ ಪತ್ರ ಇಡಿ. ಹೀಗೆ ಬರೆದರೆ ಸಾಕು: ‘ಇಂಥ ದಿನ ತಮ್ಮ ಶಾಖೆಗೆ ಬಂದಾಗ ನನ್ನ ಆಸ್ತಿ ಇರುವ ಪ್ರದೇಶ ನೆಗೆಟಿವ್ ಪಟ್ಟಿಯಲ್ಲಿದೆ ಎಂದು ಮೌಖಿಕವಾಗಿ ತಿಳಿಸಲಾಯಿತು. ಈಗ ಪೂರ್ಣ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಫೇರ್ ಪ್ರಾಕ್ಟೀಸಸ್ ಕೋಡ್ ಪ್ರಕಾರ ಸ್ವೀಕೃತಿ ನೀಡಬೇಕು. ಅರ್ಜಿ ತಿರಸ್ಕರಿಸುವುದಾದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕು. ಪ್ರದೇಶವೇ ಕಾರಣವಾಗಿದ್ದರೆ ಅದಕ್ಕೆ ಆಧಾರವಾದ ನೀತಿಯನ್ನೂ ತಿಳಿಸಬೇಕು.’ ಕೋಪದ ಮಾತು, ಬೆದರಿಕೆ ಏನೂ ಬೇಡ. ಈ ಕೊನೆಯ ಸಾಲು ಓದಿದ ಮ್ಯಾನೇಜರ್ ತಾನೇ ಉತ್ತರ ಬರೆಯದೆ ರೀಜನಲ್ ಆಫೀಸಿಗೆ ಫೋನ್ ಮಾಡುವ ಸಾಧ್ಯತೆ ಜಾಸ್ತಿ. ಅದೇ ಬೇಕಾಗಿರುವುದು. ಫೈಲು ಮೇಲಿನ ಮೇಜಿಗೆ ಹೋದಮೇಲೆ ಪಾಸಾಗಿಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಫೈನಾನ್ಸ್ ಕಂಪನಿಗೂ ಇಂಥದೇ ಪತ್ರ, ಪ್ರದೇಶದ ಬದಲು ಕೋ-ಅಪ್ಲಿಕೆಂಟ್ ವಿಚಾರ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಏನು ಅಂದರು ಎಂಬುದನ್ನು ನೆನಪಿರುವಾಗಲೇ ಒಂದು ಪುಸ್ತಕದಲ್ಲಿ ಬರೆದಿಡಿ.

ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸುಳ್ಳು ಅನ್ನಿಸಿದರೆ, ಮೊದಲು ಆ ಬ್ಯಾಂಕಿನ ದೂರು ವಿಭಾಗಕ್ಕೇ ಬರೆಯಬೇಕು. ದೊಡ್ಡ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಇರುತ್ತಾರೆ. ದೂರನ್ನು ತಳ್ಳಿಹಾಕುವ ಮುಂಚೆ ಬ್ಯಾಂಕು ತಾನಾಗಿಯೇ ಅವರ ಮುಂದಿಡಬೇಕು. 30 ದಿನ ಕಾಯಿರಿ. ಆಮೇಲೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್. ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ), ಡಿಜಿಟಲ್ ಪಾವತಿ ಎಂದು ಮೂರು ಬೇರೆ ಬೇರೆ ಯೋಜನೆಗಳಿದ್ದವು. 2021ರ ನವೆಂಬರ್‌ನಲ್ಲಿ ಅವನ್ನು ಒಂದು ಮಾಡಿದರು. ರಿಸರ್ವ್ ಬ್ಯಾಂಕಿನ ‘ಸಿಎಂಎಸ್’ ಎಂಬ ದೂರು ಪೋರ್ಟಲ್‌ನಲ್ಲಿ ದೂರು ಹಾಕಬಹುದು, 14448ಕ್ಕೆ ಕರೆ ಮಾಡಿ ವಿಧಾನ ಕೇಳಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ದೂರು ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ನನಗೆ ಸಾಲ ಕೊಡಿಸಿ’ ಎಂದು ಬರೆದರೆ ಅದು ವಾಣಿಜ್ಯ ತೀರ್ಮಾನದ ಪ್ರಶ್ನೆ ಎಂದು ಅಲ್ಲೇ ಮುಚ್ಚಿಬಿಡುತ್ತಾರೆ. ಎಷ್ಟೋ ಒಳ್ಳೆಯ ದೂರುಗಳು ಹೀಗೆ ಸತ್ತಿವೆ. ನೀವು ಬರೆಯಬೇಕಾದದ್ದು: ಸ್ವೀಕೃತಿ ಕೊಡಲಿಲ್ಲ, ಲಿಖಿತ ಕಾರಣ ಕೊಡಲಿಲ್ಲ, ಪ್ರದೇಶದ ಹೆಸರಿನಲ್ಲಿ ಧರ್ಮದ ಆಧಾರದ ತಾರತಮ್ಯ ನಡೆದಿದೆ, ಇವು ರಿಸರ್ವ್ ಬ್ಯಾಂಕ್ ನಿರ್ದೇಶನಗಳ ಉಲ್ಲಂಘನೆ. ಅರ್ಜಿಯನ್ನು ನಿಯಮದಂತೆ ಪರಿಶೀಲಿಸಿ ಕಾರಣ ಸಹಿತ ತೀರ್ಮಾನ ಕೊಡಲು ಸೂಚಿಸಿ ಎಂದು ಕೇಳಿ. ಕೊಡುವುದು ಬಿಡುವುದು ಅವರ ಇಷ್ಟ ಇರಬಹುದು. ನಿಯಮ ಪಾಲಿಸುವುದು ಅವರ ಇಷ್ಟ ಅಲ್ಲ.

ಹೌಸಿಂಗ್ ಫೈನಾನ್ಸ್ ಕಂಪನಿಯ ವಿಷಯದಲ್ಲಿ ಇಲ್ಲೇ ಜನ ಎಡವುತ್ತಾರೆ. 2021ರ ಒಂಬುಡ್ಸ್‌ಮನ್ ಯೋಜನೆ ಅವುಗಳನ್ನು ಹೊರಗಿಟ್ಟಿತ್ತು. ಅವುಗಳ ಮೇಲಿನ ದೂರನ್ನು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ‘ಗ್ರಿಡ್ಸ್’ ಎಂಬ ಪೋರ್ಟಲ್‌ನಲ್ಲಿ ಹಾಕಬೇಕು, ಅಥವಾ ದೆಹಲಿಯ ಲೋಧಿ ರಸ್ತೆಯ ಅವರ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ಇಲ್ಲೂ ಮೊದಲು ಕಂಪನಿಗೆ ಬರೆದಿರಬೇಕು.

ನೀವು ಹೋಗಿದ್ದು ಸರ್ಕಾರಿ ಬ್ಯಾಂಕಾಗಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮದೇ ಅರ್ಜಿಯ ಟಿಪ್ಪಣಿ ಹಾಳೆ ಕೇಳಿ. ‘ನೋಟ್ ಶೀಟ್’ನಲ್ಲಿ ಯಾರು ಏನು ಬರೆದಿದ್ದಾರೆ ಎಂಬುದು ಒಮ್ಮೊಮ್ಮೆ ಪತ್ರದಲ್ಲಿ ಕೊಟ್ಟ ಕಾರಣಕ್ಕಿಂತ ಬೇರೆಯೇ ಇರುತ್ತದೆ. ಗ್ರಾಹಕ ಆಯೋಗದ ದಾರಿಯೂ ಇದೆ. ಪ್ರೋಸೆಸಿಂಗ್ ಫೀಸ್ ಕಟ್ಟಿದ ಮೇಲೆ ಕಾರಣವಿಲ್ಲದೆ ಕೈಬಿಟ್ಟರೆ ಅದು ಸೇವಾ ನ್ಯೂನತೆ ಎಂದು ವಾದಿಸಬಹುದು. ಆದರೆ ಒಂದೇ ದೂರನ್ನು ಒಂಬುಡ್ಸ್‌ಮನ್ ಹತ್ತಿರವೂ ಗ್ರಾಹಕ ಆಯೋಗದಲ್ಲೂ ಒಟ್ಟಿಗೆ ಇಡಲು ಬರುವುದಿಲ್ಲ. ಮೊದಲು ಒಂಬುಡ್ಸ್‌ಮನ್ ಎಂಬುದು ನನ್ನ ಸಲಹೆ. ವಕೀಲರು ಬೇಕೆನಿಸಿದರೆ ಮೈಸೂರಿನ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಪುಕ್ಕಟೆ ನೆರವು ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಅಲ್ಪಸಂಖ್ಯಾತರ ಆಯೋಗ, ಮಹಿಳಾ ಆಯೋಗಗಳಿಗೂ ಬರೆಯಬಹುದು. ಅವು ವರದಿ ಕೇಳುತ್ತವೆ, ಅಷ್ಟೇ. ಆದರೆ ಆಯೋಗದ ಲೆಟರ್‌ಹೆಡ್ ನೋಡಿದರೆ ಬ್ಯಾಂಕಿನವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ನಿಮ್ಮ ತಮ್ಮ ಹೇಳಿದ್ದು ನಿಜ. ಅಮೆರಿಕದವರು ಇದರಲ್ಲಿ ನಮಗಿಂತ ಮುಂದಿದ್ದಾರೆ. ಆದರೆ ಅಲ್ಲಿನ ಪಾಪವೂ ದೊಡ್ಡದೇ. 1933ರಲ್ಲಿ ಅಲ್ಲಿನ ಸರ್ಕಾರ ಮನೆಮಾಲೀಕರ ಸಾಲ ನಿಗಮ ಎಂದು ಒಂದನ್ನು ಹುಟ್ಟುಹಾಕಿತು. ಅದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ಬಣ್ಣ ಹಚ್ಚಿತು. ಒಳ್ಳೆಯದಕ್ಕೆ ಹಸಿರು, ಆಮೇಲೆ ನೀಲಿ, ಹಳದಿ, ಅಪಾಯಕ್ಕೆ ಕೆಂಪು. ಕಪ್ಪುಜನರು ವಾಸಿಸುವ ಕೇರಿಗಳು ಬಹುಪಾಲು ಕೆಂಪಿನಲ್ಲೇ ಇದ್ದವು. ನಮ್ಮ ‘ನೆಗೆಟಿವ್ ಲಿಸ್ಟ್’ ಇದರ ತಮ್ಮನೇ. ವ್ಯತ್ಯಾಸ ಏನೆಂದರೆ ಅಲ್ಲಿ ನಕ್ಷೆ ಕಾಗದದ ಮೇಲಿತ್ತು, ಇಲ್ಲಿ ಪಟ್ಟಿಯನ್ನು ಯಾರೂ ತೋರಿಸುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಮನೆಯ ವ್ಯವಹಾರದಲ್ಲಿ ತಾರತಮ್ಯ ನಿಷೇಧಿಸುವ ಕಾಯ್ದೆ ಅಲ್ಲಿ ಬಂತು. 1974ರಲ್ಲಿ ಸಾಲದಲ್ಲಿ ಸಮಾನ ಅವಕಾಶದ ಕಾಯ್ದೆ ಬಂತು. ಅದು ಶುರುವಾಗಿದ್ದೇ ಹೆಣ್ಣುಮಕ್ಕಳ ವಿಷಯಕ್ಕೆ, ಗಂಡನ ಸಹಿ ಇಲ್ಲದೆ ಸಾಲ ಇಲ್ಲ ಎನ್ನುತ್ತಿದ್ದ ಬ್ಯಾಂಕುಗಳ ವಿರುದ್ಧ. ಜನಾಂಗ, ಧರ್ಮ, ವಯಸ್ಸು 1976ರಲ್ಲಿ ಸೇರಿದವು. ಅರ್ಜಿ ಬಂದ 30 ದಿನದೊಳಗೆ ತೀರ್ಮಾನ ತಿಳಿಸಬೇಕು, ಬೇಡ ಎಂದರೆ ಕಾರಣ ತಿಳಿದುಕೊಳ್ಳುವ ಹಕ್ಕು ಅರ್ಜಿದಾರರಿಗೆ ಇರಬೇಕು ಎಂಬುದು ಅಲ್ಲಿ ಕಾನೂನೇ.

ಆದರೆ ನನಗೆ ಹೊಟ್ಟೆಕಿಚ್ಚು ಬರುವುದು 1975ರ ಇನ್ನೊಂದು ಕಾಯ್ದೆ ನೋಡಿ. ಯಾವ ಬಡಾವಣೆಯಲ್ಲಿ ಗೃಹಸಾಲಕ್ಕೆ ಯಾರು ಅರ್ಜಿ ಹಾಕಿದರು, ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬ ಲೆಕ್ಕವನ್ನು ಬ್ಯಾಂಕುಗಳು ಬಹಿರಂಗ ಮಾಡಬೇಕು. ಜನಾಂಗ, ಲಿಂಗ, ಆದಾಯದ ಮಾಹಿತಿಯೂ ಈಗ ಅದರಲ್ಲಿ ಇದೆ. ಪತ್ರಕರ್ತರು, ಸಂಶೋಧಕರು ಕೂತು ಕೂಡಿ ಕಳೆದರೆ ತಾರತಮ್ಯ ಅಂಕಿಯಲ್ಲಿ ಎದ್ದು ಕಾಣುತ್ತದೆ. ಕಪ್ಪುಜನ ಮತ್ತು ಹಿಸ್ಪಾನಿಕ್ ಸಾಲಗಾರರಿಗೆ ಜಾಸ್ತಿ ದರ ಹಾಕಿದ ಆರೋಪದಲ್ಲಿ ಕಂಟ್ರಿವೈಡ್ ಸಂಸ್ಥೆ 2011ರಲ್ಲಿ 33.5 ಕೋಟಿ ಡಾಲರ್‌ಗೆ ರಾಜಿಯಾಯಿತು, ಮರುವರ್ಷ ವೆಲ್ಸ್ ಫಾರ್ಗೊ 17.5 ಕೋಟಿ ಡಾಲರ್‌ಗೆ. ನಮ್ಮಲ್ಲಿ ದುರ್ಬಲ ವರ್ಗಗಳಿಗೆ ಬ್ಯಾಂಕುಗಳು ಒಟ್ಟು ಎಷ್ಟು ಸಾಲ ಕೊಡಬೇಕು ಎಂಬ ಗುರಿ ಇದೆ, ಶೇ 12. ಎಷ್ಟು ಕೊಟ್ಟರು ಎಂಬ ಲೆಕ್ಕ ಇಡುತ್ತಾರೆ. ಯಾರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರು ಎಂಬ ಲೆಕ್ಕ ಮೈಸೂರಿನ ಯಾವ ಓದುಗರಿಗೂ ವಾರ್ಡುವಾರು ನೋಡಲು ಸಿಗುವುದಿಲ್ಲ. ನನ್ನ ಕೇಳಿದರೆ ಹೊಸ ಕಾಯ್ದೆಗಿಂತ ಮೊದಲು ಬೇಕಾದದ್ದು ಈ ಲೆಕ್ಕ.

ಈ ಅಂಕಣವನ್ನು ಮಂಡ್ಯ ಕಡೆಯವರೂ ಓದುತ್ತಾರೆ, ಅವರಿಗೂ ಒಂದು ಮಾತು. ಪರಿಶಿಷ್ಟ ಜಾತಿ, ಪಂಗಡದವರ ಸಾಲದ ಅರ್ಜಿಯನ್ನು ಶಾಖೆಯ ಮ್ಯಾನೇಜರ್ ತಾನೇ ತಿರಸ್ಕರಿಸುವಂತಿಲ್ಲ. ಅವರ ಮೇಲಿನ ಅಧಿಕಾರಿಯೇ ಮಾಡಬೇಕು, ಕಾರಣವೂ ಸ್ಪಷ್ಟವಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ‘ಮ್ಯಾನೇಜರ್ ಆಗಲ್ಲ ಅಂದ್ರು’ ಎಂದು ವಾಪಸ್ ಬಂದವರು ಇದನ್ನು ನೆನಪಿಡಿ. ಎಲ್ಲರ ಎದುರು ಜಾತಿ ಹಿಡಿದು ಅವಮಾನ ಮಾಡಿದರೆ ಅದು ಸಾಲದ ವಿಷಯವೇ ಅಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಕೇಸ್. ಆದರೆ ದರಖಾಸ್ತಿನಲ್ಲಿ ಮಂಜೂರಾದ ಜಮೀನಿನಲ್ಲಿ ಎದ್ದ ಮನೆಗೆ ಸಾಲ ಸಿಗದಿದ್ದರೆ ಕಾರಣ ಬೇರೆ ಇರಬಹುದು. 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟರಿಗೆ ಮಂಜೂರಾದ ಅಂಥ ಜಮೀನಿನ ಪರಭಾರೆಗೆ (ಮಾರಾಟ ಮುಂತಾದ ಹಸ್ತಾಂತರಕ್ಕೆ) ತಡೆ ಹಾಕಿದೆ, ಹಾಗಾಗಿ ಬ್ಯಾಂಕುಗಳು ಹಿಂಜರಿಯಬಹುದು. ನಿಮ್ಮ ಜಮೀನು ಉಳಿಸಲೆಂದು ಮಾಡಿದ ಕಾನೂನು ಸಾಲಕ್ಕೆ ಅಡ್ಡ ಬರುವುದು ಇದೊಂದು ವಿಪರ್ಯಾಸ. ಅಂಗವಿಕಲರಿಗಂತೂ 2016ರ ಕಾಯ್ದೆಯ 13ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ: ಬ್ಯಾಂಕ್ ಸಾಲ, ಅಡಮಾನ ಸಾಲ ಎಲ್ಲದರಲ್ಲೂ ಇತರರಂತೆಯೇ ಹಕ್ಕು. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇದೆ. ಹಣಕಾಸಿನ ಹೆಸರು ಅದರಲ್ಲಿ ಇಲ್ಲ, ಆದರೆ ಸಾರ್ವಜನಿಕರಿಗೆ ಸಿಗುವ ಸೇವೆ ನಿರಾಕರಿಸಬಾರದು, ಆಸ್ತಿ ಕೊಳ್ಳುವ ಹಕ್ಕಿದೆ ಎಂಬ ಮಾತು ಇದೆ.

ಕೊನೆಗೆ, ಇದೆಲ್ಲ ನಡೆಯುವಾಗ ನಿಮ್ಮ ಅಗ್ರಿಮೆಂಟ್ ಅವಧಿ ಮುಗಿದುಹೋಗದಂತೆ ನೋಡಿಕೊಳ್ಳಿ. ದೂರು, ಉತ್ತರ, ಒಂಬುಡ್ಸ್‌ಮನ್ ಎಂದು ತಿಂಗಳುಗಳೇ ಹಿಡಿಯುತ್ತವೆ. ಮನೆ ಮಾರುವವರ ಜೊತೆ ಈಗಲೇ ಮಾತಾಡಿ. ಅವಧಿ ಮುಂದುವರಿಸಿದ್ದೇವೆ ಎಂದು, ಬ್ಯಾಂಕ್ ಸಾಲ ಮಂಜೂರಾಗದಿದ್ದರೆ 2 ಲಕ್ಷ ಅಡ್ವಾನ್ಸ್ ವಾಪಸ್ ಕೊಡಬೇಕು ಎಂದು ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿ ಇಬ್ಬರೂ ಸಹಿ ಮಾಡಿ. ಮೊದಲ ಅಗ್ರಿಮೆಂಟ್ ರಿಜಿಸ್ಟರ್ ಆಗಿದ್ದರೆ ಇದನ್ನೂ ರಿಜಿಸ್ಟರ್ ಮಾಡಿಸಿ. ಅವರು ಒಪ್ಪದಿದ್ದರೆ ಇನ್ನೊಂದು ಬ್ಯಾಂಕಿನಲ್ಲಿ, ನಿಮ್ಮ ಸಂಬಳ ಬರುವ ಖಾತೆ ಇರುವ ಬ್ಯಾಂಕಿನಲ್ಲೇ ಆದರೆ ಒಳ್ಳೆಯದು, ಮೇಲೆ ಹೇಳಿದ ರೀತಿಯಲ್ಲೇ ಅರ್ಜಿ ಹಾಕಿ. ಮೊದಲಿನ ಎರಡು ಕಡೆಯ ದೂರು ಅದರ ಪಾಡಿಗೆ ಅದು ನಡೆಯಲಿ, ಸಾಲ ಬೇರೆ ಕಡೆ ಸಿಕ್ಕಿತೆಂದು ವಾಪಸ್ ತೆಗೆದುಕೊಳ್ಳಬೇಡಿ.